ವರದಿಯಲ್ಲಿನ ನಕ್ಷತ್ರ ಗುರುತು ಯಾರಿಗೆ ಎಚ್ಚರಿಕೆ?

ಕೊಲೆಸ್ಟ್ರಾಲ್ ಮತ್ತು ಹೃದಯಾಘಾತದ ಬಗ್ಗೆ ತುಮಕೂರು ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ. ತುಮಕೂರಿನಲ್ಲಿ ವೃತ್ತಿಯಲ್ಲಿರುವ ನಮ್ಮ ಅಂಕಣದ ವೈದ್ಯರು ಉತ್ತರಿಸಿದ್ದಾರೆ. ಇಲ್ಲಿ ಬರುವ ಕೊಲೆಸ್ಟ್ರಾಲ್ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂ ಲೆಕ್ಕದವು.

ಪ್ರಶ್ನೆ: ನನಗೆ 46 ವರ್ಷ, ತಿಪಟೂರಿನ ಹತ್ತಿರ ತೆಂಗಿನ ತೋಟವಿದೆ. ಊರಿನಲ್ಲಿ ನಡೆದ ತಪಾಸಣಾ ಶಿಬಿರದಲ್ಲಿ ನಾನೂ ನನ್ನ ಹೆಂಡತಿಯೂ ರಕ್ತ ಕೊಟ್ಟೆವು. ನನ್ನ ಒಟ್ಟು ಕೊಲೆಸ್ಟ್ರಾಲ್ 204, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 122. ಅವಳ ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 62, ಟ್ರೈಗ್ಲಿಸರೈಡ್ 110, ಎಲ್‌ಡಿಎಲ್ 144. ಅವಳಿಗೆ 41 ವರ್ಷ, ಬಿ.ಪಿ., ಸಕ್ಕರೆ ಎರಡೂ ಸರಿಯಾಗಿವೆ. ನನಗೆ ದಿನಕ್ಕೊಂದು ಕಟ್ಟು ಬೀಡಿ ಸೇದುವ ಅಭ್ಯಾಸವಿದೆ, ಶಿಬಿರದಲ್ಲಿ ಬಿ.ಪಿ. 146/92 ಎಂದು ಬರೆದುಕೊಟ್ಟರು, ಸೊಂಟದ ಸುತ್ತಳತೆ 98 ಸೆಂ.ಮೀ. ಎಂದರು. ನನ್ನದು ಇನ್ನೂರರ ಅಂಚಿನಲ್ಲಿದೆ, ಅವಳದು ದಾಟಿ ಹೋಗಿದೆ ಎಂದು ಅವಳು ಗಾಬರಿಯಾಗಿ ಅಡುಗೆಗೆ ತೆಂಗಿನಕಾಯಿ ತುರಿಯುವುದನ್ನೇ ನಿಲ್ಲಿಸಿದ್ದಾಳೆ. ಅವಳಿಗೆ ಮಾತ್ರೆ ಬೇಕಾಗುತ್ತದೆಯೇ? ತೆಂಗು ಬೆಳೆಯುವ ನಾವು ತೆಂಗನ್ನು ಬಿಡಬೇಕೇ?

ಉತ್ತರ: ನೀವು ಕೇಳಿರುವುದು ನಿಮ್ಮ ಹೆಂಡತಿಯ ಬಗ್ಗೆ, ಆದರೆ ಪತ್ರ ಓದಿದಾಗ ನನಗೆ ಚಿಂತೆಯಾದದ್ದು ನಿಮ್ಮ ಬಗ್ಗೆ.

ಒಟ್ಟು ಕೊಲೆಸ್ಟ್ರಾಲ್ 200ರ ಒಳಗಿರಬೇಕು ಎಂಬ ಮಾತು ಎಲ್ಲರ ಬಾಯಲ್ಲಿರುವುದರಿಂದ ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಆ ಒಂದು ಸಾಲಿನ ಮೇಲೆ ಬೀಳುತ್ತದೆ. ಆದರೆ ಅದು ಬೇರೆ ಬೇರೆ ಸ್ವಭಾವದ ಕಣಗಳಲ್ಲಿರುವ ಕೊಲೆಸ್ಟ್ರಾಲನ್ನು ಒಟ್ಟುಗೂಡಿಸಿದ ಮೊತ್ತ. ಜಿಡ್ಡು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದನ್ನು ರಕ್ತದಲ್ಲಿ ಸಾಗಿಸಲು ದೇಹವು ಪ್ರೋಟೀನು ಸುತ್ತಿದ ಸಣ್ಣ ಸಣ್ಣ ಕಣಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಎಲ್‌ಡಿಎಲ್ ಎಂಬುದು ರಕ್ತನಾಳದ ಒಳಗೋಡೆಯೊಳಗೆ ನುಸುಳಿ, ಅಲ್ಲಿ ಸಿಕ್ಕಿಕೊಂಡು, ವರ್ಷಗಳು ಕಳೆದಂತೆ ಗಂಟಾಗಿ ಬೆಳೆಯುತ್ತದೆ. ಆ ಗಂಟು ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದನ್ನೇ ನಾವು ಹೃದಯಾಘಾತ ಎನ್ನುತ್ತೇವೆ. ಎಚ್‌ಡಿಎಲ್ ಹಾಗೆ ಗಂಟು ಕಟ್ಟುವ ಕಣವಲ್ಲ. ಅದು ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಅಪಾಯದ ಸೂಚನೆ ಎಂದು ಪರಿಗಣಿಸುತ್ತೇವೆ. ನಿಮ್ಮದು 34, ನಿಮ್ಮ ಹೆಂಡತಿಯವರದು 62.

ಈಗ ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಉಳಿಯುವುದು ರಕ್ತನಾಳಕ್ಕೆ ಕೇಡು ಮಾಡಬಲ್ಲ ಕಣಗಳೆಲ್ಲದರ ಮೊತ್ತ. ನಿಮಗೆ 204ರಲ್ಲಿ 34 ಕಳೆದರೆ 170. ಅವರಿಗೆ 228ರಲ್ಲಿ 62 ಕಳೆದರೆ 166. ಅವರ ಮೊತ್ತ ಹೆಚ್ಚಾಗಿ ಕಂಡದ್ದು ಬಹುಮಟ್ಟಿಗೆ ಎಚ್‌ಡಿಎಲ್ ಹೆಚ್ಚಿರುವುದರಿಂದ. ನಿಮ್ಮದು ಕಡಿಮೆ ಕಂಡದ್ದು ಎಚ್‌ಡಿಎಲ್ ತಗ್ಗಿರುವುದರಿಂದ. ಪ್ರಯೋಗಾಲಯದವರು ಅಂಕಿಯ ಪಕ್ಕದಲ್ಲಿ ಹಾಕುವ ನಕ್ಷತ್ರ ಗುರುತಿಗೆ ಇದು ತಿಳಿಯುವುದಿಲ್ಲ. ಆ ಅಂಕಿ ಒಂದು ಗೆರೆ ದಾಟಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ರಕ್ತ ಕೊಟ್ಟವರು ಬೀಡಿ ಸೇದುವವರೇ, ಅವರ ಬಿ.ಪಿ. ಎಷ್ಟು, ತಂದೆ ಯಾವ ವಯಸ್ಸಿನಲ್ಲಿ ತೀರಿಕೊಂಡರು ಎಂಬುದೊಂದೂ ಆ ಯಂತ್ರಕ್ಕೆ ಗೊತ್ತಿರುವುದಿಲ್ಲ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನವು ವೈದ್ಯರಿಗೆ ಕಲಿಸಿದ ದೊಡ್ಡ ಪಾಠವೆಂದರೆ ಹೃದ್ರೋಗಕ್ಕೆ ಕಾರಣ ಒಂದೇ ಅಲ್ಲ, ಹಲವು ಕಾರಣಗಳು ಒಂದರ ಮೇಲೊಂದು ಕೂಡುತ್ತವೆ ಎಂಬುದು. 2004ರಲ್ಲಿ ಪ್ರಕಟವಾದ, ಭಾರತವೂ ಸೇರಿದಂತೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವು ಕೊಬ್ಬಿನ ಏರುಪೇರು, ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 90ರಷ್ಟಕ್ಕೆ ಕಾರಣವೆಂದು ತೋರಿಸಿತು. ಅದೇ ಅಧ್ಯಯನದಿಂದ ಇನ್ನೊಂದು ಸಂಗತಿಯೂ ತಿಳಿಯಿತು: ದಕ್ಷಿಣ ಏಷ್ಯಾದ ನಮ್ಮ ಜನರಿಗೆ ಹೃದಯಾಘಾತ ಬರುವುದು ಉಳಿದವರಿಗಿಂತ ಐದಾರು ವರ್ಷ ಮೊದಲೇ. ನಿಮ್ಮಲ್ಲಿ ಬೀಡಿ, ಬಿ.ಪಿ., ತಗ್ಗಿದ ಎಚ್‌ಡಿಎಲ್, ಏರಿದ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು), ನಮ್ಮ ಗಂಡಸರಿಗೆ ಮಿತಿಯೆಂದು ಹೇಳುವ 90 ಸೆಂ.ಮೀ. ದಾಟಿದ ಸೊಂಟ, ಇಷ್ಟೂ ಒಟ್ಟಿಗಿವೆ. ಹೀಗಿರುವಾಗ 122 ಎಂಬ ಎಲ್‌ಡಿಎಲ್ ನಿಮ್ಮ ಪಾಲಿಗೆ ಸಾಧಾರಣ ಅಂಕಿಯಲ್ಲ. ಯಾವ ಅಪಾಯವೂ ಇಲ್ಲದವರಿಗೆ ಎಲ್‌ಡಿಎಲ್ 100ರ ಒಳಗಿರಲಿ, ಅಧಿಕ ಅಪಾಯವಿದ್ದವರಿಗೆ 70ರ ಒಳಗಿರಲಿ ಎಂಬುದು ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ನೀಡಿದ ಸಲಹೆ. ನಿಮ್ಮನ್ನು ನಾನು ಎರಡನೆಯ ಗುಂಪಿನಲ್ಲೇ ಎಣಿಸುತ್ತೇನೆ.

ಒಂದೇ ಸಲ ನೋಡಿದ ಬಿ.ಪಿ.ಯನ್ನು ನಂಬಿ ಕಾಯಿಲೆಯೆಂದು ತೀರ್ಮಾನಿಸಬಾರದು. ಬೇರೆ ಬೇರೆ ದಿನಗಳಲ್ಲಿ, ಐದು ನಿಮಿಷ ಸುಮ್ಮನೆ ಕುಳಿತ ಬಳಿಕ ಮತ್ತೆ ನೋಡಿಸಿಕೊಳ್ಳಿ. ಶಿಬಿರದಲ್ಲಿ ಸಕ್ಕರೆ ಪರೀಕ್ಷೆ ಮಾಡಿದ್ದರೋ ಇಲ್ಲವೋ ನೀವು ಬರೆದಿಲ್ಲ. ಟ್ರೈಗ್ಲಿಸರೈಡ್ 240 ಇರುವವರಲ್ಲಿ ಸಕ್ಕರೆ ಕಾಯಿಲೆ ಮರೆಯಲ್ಲಿ ಕುಳಿತಿರುವುದನ್ನು ನಾನು ಅನೇಕ ಸಲ ಕಂಡಿದ್ದೇನಾದ್ದರಿಂದ ಕಳೆದ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಟ್ರೈಗ್ಲಿಸರೈಡ್ ಏರಲು ಎಣ್ಣೆ ಮಾತ್ರವೇ ಕಾರಣವೆಂಬುದು ತಪ್ಪು ತಿಳಿವಳಿಕೆ. ಮೂರು ಹೊತ್ತೂ ತಟ್ಟೆ ತುಂಬ ಬಿಳಿ ಅನ್ನ, ಸಕ್ಕರೆ ಹಾಕಿದ ಕಾಫಿ–ಟೀ, ಮದ್ಯ, ಇವು ಅದನ್ನು ಏರಿಸುವಷ್ಟು ಬೇಗ ಬೇರೆ ಯಾವುದೂ ಏರಿಸದು. ಒಂದು ಹೊತ್ತಾದರೂ ಅನ್ನದ ಬದಲು ರಾಗಿ ಮುದ್ದೆಯನ್ನು ಮಿತವಾಗಿ ಉಂಡು, ಜೊತೆಗೆ ಹುರುಳಿಕಾಳಿನ ಸಾರನ್ನೋ ಸೊಪ್ಪಿನ ಸಾರನ್ನೋ ಹೆಚ್ಚಾಗಿ ಬಡಿಸಿಕೊಂಡರೆ ಅದು ನಿಮ್ಮ ಮನೆಗೆ ಹೊಸ ಊಟವೇನೂ ಆಗುವುದಿಲ್ಲ. ಕಾಳಿನ ನಾರು ಎಲ್‌ಡಿಎಲ್‌ಅನ್ನೂ ಸ್ವಲ್ಪ ತಗ್ಗಿಸುತ್ತದೆ.

ಬೀಡಿಯ ವಿಷಯದಲ್ಲಿ ಮಾತ್ರ ಮಿತವಾಗಿರಲಿ ಎನ್ನಲು ನನಗೆ ಮನಸ್ಸು ಬಾರದು. ಪೂರ್ತಿ ಬಿಡಬೇಕು. ತಂಬಾಕು ಬಿಟ್ಟ ಒಂದು ವರ್ಷದೊಳಗೆ, ಸೇದುವುದರಿಂದ ಬಂದಿದ್ದ ಹೆಚ್ಚುವರಿ ಹೃದ್ರೋಗದ ಅಪಾಯ ಅರ್ಧದಷ್ಟು ಇಳಿಯುತ್ತದೆ. ನಿಮ್ಮ ವರದಿಯ ಯಾವ ಅಂಕಿಯನ್ನು ತಿದ್ದಿದರೂ ಅದರಿಂದ ಇಷ್ಟು ಬೇಗ ಇಷ್ಟು ಲಾಭ ಸಿಗುವುದಿಲ್ಲ. ಬೀಡಿ ಬಿಟ್ಟು ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡರೆ ಅದು ಬಿಟ್ಟಂತಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನಿಮ್ಮ ಹೆಂಡತಿಯವರಿಗೆ ಈಗಲೇ ಮಾತ್ರೆ ಬೇಕಾಗಲಾರದು. ಆದರೂ 144 ಎಂಬುದು ಮರೆತುಬಿಡುವ ಅಂಕಿಯಲ್ಲ. ಆ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ತಗ್ಗಿದರೂ ಎಲ್‌ಡಿಎಲ್ ಏರುತ್ತದೆ. ಹಾಗಾಗಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ, ಊಟ–ನಡಿಗೆಗಳನ್ನು ಸರಿಪಡಿಸಿಕೊಂಡು ಮೂರು ತಿಂಗಳ ನಂತರ ಮತ್ತೆ ರಕ್ತ ಕೊಡಲಿ.

ಇನ್ನು ತೆಂಗು. ಕೊಲೆಸ್ಟ್ರಾಲ್ ಇರುವುದು ಪ್ರಾಣಿಮೂಲದ ಆಹಾರದಲ್ಲಿ. ತೆಂಗಿನಕಾಯಿಯಲ್ಲಿ ಅದು ಇಲ್ಲ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬಿದೆ, ಮತ್ತು ಆ ಬಗೆಯ ಕೊಬ್ಬು ಹೆಚ್ಚಾದಾಗ ಲಿವರ್ ರಕ್ತದಿಂದ ಎಲ್‌ಡಿಎಲ್ ಎತ್ತಿಕೊಳ್ಳುವುದು ಕಡಿಮೆಯಾಗುತ್ತದೆ. ಕೊಬ್ಬರಿ ಎಣ್ಣೆ ಎಚ್‌ಡಿಎಲ್‌ಅನ್ನೂ ಏರಿಸುತ್ತದೆ ಎಂಬ ವಾದ ನಿಜವಾದರೂ ಅದರ ಜೊತೆಗೆ ಎಲ್‌ಡಿಎಲ್ ಏರುವುದೂ ಅಷ್ಟೇ ನಿಜ. ಹಸಿ ಕಾಯಿಯಲ್ಲಿ ಮೂರರಲ್ಲಿ ಒಂದು ಪಾಲು ಕೊಬ್ಬು ಇದ್ದರೆ ಒಣಗಿದ ಕೊಬ್ಬರಿಯಲ್ಲಿ ಅದು ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗುತ್ತದೆ. ಆದ್ದರಿಂದ ಪಲ್ಯದ ಮೇಲೆ ಉದುರಿಸುವ ಒಂದು ಹಿಡಿ ಕಾಯಿತುರಿಗೆ ಮನೆಯವರು ಹೆದರಬೇಕಾಗಿಲ್ಲ. ಬೆಳಗ್ಗೆ ಬಟ್ಟಲು ತುಂಬ ಚಟ್ನಿ, ಮಧ್ಯಾಹ್ನ ಕಾಯಿ ರುಬ್ಬಿದ ಸಾರು, ಸಂಜೆ ಕೊಬ್ಬರಿ ಮಿಠಾಯಿ ಎಂದು ದಿನವಿಡೀ ಅದೇ ಆಗದಿರಲಿ. ದಿನನಿತ್ಯದ ಒಗ್ಗರಣೆಗೆ ಕಡಲೆಕಾಯಿ ಎಣ್ಣೆಯಂಥದನ್ನು ಬಳಸಿ.

ಪ್ರಶ್ನೆ: ನನ್ನ ತಾಯಿಗೆ 61 ವರ್ಷ, ಮಧುಗಿರಿಯಲ್ಲಿ ನಮ್ಮ ಜೊತೆಯಲ್ಲೇ ಇದ್ದಾರೆ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ಆಗ 138 ಇದ್ದ ಎಲ್‌ಡಿಎಲ್ ಸ್ಟ್ಯಾಟಿನ್ ಮಾತ್ರೆಯಿಂದ 62ಕ್ಕೆ ಬಂದಿತ್ತು. ‘ನಾರ್ಮಲ್ ಆಯಿತಲ್ಲ, ಇನ್ನೇಕೆ? ಆ ಮಾತ್ರೆಯಿಂದ ಲಿವರ್, ಕಿಡ್ನಿ ಹಾಳಾಗುತ್ತವೆ’ ಎಂದು ನೆಂಟರೊಬ್ಬರು ಹೇಳಿದ ಮೇಲೆ ಅಮ್ಮ ಅದನ್ನು ಬಿಟ್ಟು ನಾಲ್ಕು ತಿಂಗಳಿಂದ ಬೆಳ್ಳುಳ್ಳಿ ಕಷಾಯ ಕುಡಿಯುತ್ತಿದ್ದಾರೆ. ಮೀನಖಂಡದ ನೋವು ಕಡಿಮೆಯಾಯಿತೆಂದೂ ಹೇಳುತ್ತಾರೆ. ಈಗ ಎಲ್‌ಡಿಎಲ್ 131 ಇದೆ. ನಾನು ಅವರನ್ನು ಹೇಗೆ ಒಪ್ಪಿಸಲಿ?

ಉತ್ತರ: ತಾಯಿಯವರನ್ನು ಒಪ್ಪಿಸಲು ನಿಮ್ಮ ಕೈಯಲ್ಲಿರುವ ಮೂರು ವರದಿಗಳೇ ಸಾಕು: 138, 62, 131. ಮಧ್ಯದ ಅಂಕಿ ಕಾಯಿಲೆ ವಾಸಿಯಾದದ್ದರ ಗುರುತಲ್ಲ, ಮಾತ್ರೆ ಕೆಲಸ ಮಾಡುತ್ತಿದ್ದುದರ ಗುರುತು. ಕೊಲೆಸ್ಟ್ರಾಲನ್ನು ಲಿವರ್ ಪ್ರತಿದಿನವೂ ತಯಾರಿಸುತ್ತದೆ, ಆ ತಯಾರಿಕೆಯ ಒಂದು ಹಂತವನ್ನು ಸ್ಟ್ಯಾಟಿನ್ ತಡೆಯುತ್ತದೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ತಯಾರಿಕೆ ಮೊದಲಿನಂತಾಗುತ್ತದೆ. ಇದನ್ನು ಅಮ್ಮನಿಗೆ ಬೈದು ಹೇಳಬೇಡಿ. ವರದಿ ಚೆನ್ನಾಗಿ ಬಂದಾಗ ಮಾತ್ರೆ ಬಿಡುವವರು ನನ್ನಲ್ಲಿಗೆ ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಮೊದಲ ದಿನವೇ ಈ ಮಾತನ್ನು ಬಿಡಿಸಿ ಹೇಳದ ನಮ್ಮಂಥ ವೈದ್ಯರ ತಪ್ಪೂ ಅದರಲ್ಲಿದೆ.

ಇನ್ನೊಂದು ಮಾತು ನಿಮಗೆ ಆಶ್ಚರ್ಯವೆನಿಸಬಹುದು. ಒಮ್ಮೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಜೊತೆಗಿದ್ದವರಿಗೆ, ಎಲ್‌ಡಿಎಲ್ 55ರ ಒಳಗೆ ಇರಬೇಕೆಂಬುದು ಈಗಿನ ಸಲಹೆ. ಅಂದರೆ 62 ಕೂಡ ಅವರಿಗೆ ಅತಿಯಾಗಿ ಇಳಿದದ್ದಲ್ಲ, ಇನ್ನೂ ಸ್ವಲ್ಪ ಇಳಿಯಬೇಕಿತ್ತು. ಸ್ಟ್ಯಾಟಿನ್ ಒಂದರಿಂದಲೇ ಅದು ಸಾಧ್ಯವಾಗದಿದ್ದರೆ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಎಜೆಟಿಮಿಬ್ ಎಂಬ ಮಾತ್ರೆಯನ್ನು ವೈದ್ಯರು ಜೊತೆಗೆ ಸೇರಿಸುತ್ತಾರೆ.

ಈ ಮಾತ್ರೆ ವರದಿಯ ಅಂಕಿಯನ್ನಷ್ಟೇ ಇಳಿಸುವುದೋ, ಪ್ರಾಣವನ್ನೂ ಉಳಿಸುವುದೋ ಎಂಬ ಸಂದೇಹ ಮೊದಲು ವೈದ್ಯರಿಗೂ ಇತ್ತು. ಜಪಾನಿನ ಅಕಿರಾ ಎಂಡೋ ಅವರು 1970ರ ದಶಕದಲ್ಲಿ ಬೂಷ್ಟಿನಿಂದ ಈ ಬಗೆಯ ಮೊದಲ ಪದಾರ್ಥವನ್ನು ಬೇರ್ಪಡಿಸಿದರು. 1987ರಲ್ಲಿ ಮೊದಲ ಸ್ಟ್ಯಾಟಿನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. 1994ರಲ್ಲಿ ಸ್ಕ್ಯಾಂಡಿನೇವಿಯಾ ದೇಶಗಳ 4,444 ಹೃದ್ರೋಗಿಗಳ ಅಧ್ಯಯನ ಪ್ರಕಟವಾದಾಗ ಆ ಸಂದೇಹ ತೀರಿತು: ಐದು ವರ್ಷಕ್ಕೂ ಮಿಕ್ಕಿ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಗಿತ್ತು. ಆಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್‌ಡಿಎಲ್ ಪ್ರತಿ 39ರಷ್ಟು ಇಳಿದಾಗಲೂ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗುವುದು ಕಂಡುಬಂದಿದೆ. ನಿಮ್ಮ ತಾಯಿಯವರ ರಕ್ತದಲ್ಲಿ ಮತ್ತೆ ಏರಿರುವುದು 69.

ಲಿವರಿನ ಭಯಕ್ಕೆ ಉತ್ತರವಿದೆ. ಕೆಲವರಲ್ಲಿ ಲಿವರಿನ ಕಿಣ್ವಗಳು ತುಸು ಏರುವುದುಂಟು. ಅವು ಸಹಜ ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರೆಯನ್ನು ಬದಲಿಸುತ್ತೇವೆ. ನಿಜವಾದ ಲಿವರ್ ಹಾನಿ ತೀರಾ ವಿರಳ. ಶಿಫಾರಸಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಕಿಡ್ನಿ ಹಾಳಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಮ್ಮ ತಾಯಿಯವರ ಕಿಡ್ನಿಗೆ ಹೆದರಬೇಕಾದದ್ದು ಹತೋಟಿ ತಪ್ಪಿದ ಸಕ್ಕರೆಗೆ. ಸ್ಟ್ಯಾಟಿನ್ ಸಕ್ಕರೆಯನ್ನು ಅತ್ಯಲ್ಪ ಏರಿಸಬಹುದೆಂಬುದು ನಿಜ, ಆದರೆ ಅವರ ಸ್ಥಿತಿಯಲ್ಲಿ ಅದರಿಂದ ಸಿಗುವ ರಕ್ಷಣೆ ಆ ತೊಂದರೆಗಿಂತ ಎಷ್ಟೋ ದೊಡ್ಡದು.

ಮೀನಖಂಡದ ನೋವನ್ನು ಮಾತ್ರ ಹಗುರವಾಗಿ ತಳ್ಳಿಹಾಕಬೇಡಿ. ಸ್ಟ್ಯಾಟಿನ್ ನುಂಗಿದವರನ್ನೂ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೈಕೈ ನೋವನ್ನು ಹೇಳಿಕೊಂಡಿದ್ದಾರೆ. ಆದರೂ ಕೆಲವರಿಗೆ ಈ ಮಾತ್ರೆಯಿಂದಲೇ ಸ್ನಾಯು ನೋಯುತ್ತದೆ, ಮತ್ತು ನೋಯುವವರಿಗೆ ಅಂಕಿ–ಅಂಶ ಹೇಳಿ ಸಮಾಧಾನ ಮಾಡುವುದು ಸರಿಯಲ್ಲ. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಸಿಪಿಕೆ ಎಂಬ ರಕ್ತಪರೀಕ್ಷೆ, ಥೈರಾಯ್ಡ್, ವಿಟಮಿನ್ ಡಿ ನೋಡಿಸಿ. ಪ್ರಮಾಣ ತಗ್ಗಿಸಿಯೋ ಬೇರೆ ಸ್ಟ್ಯಾಟಿನ್ ಕೊಟ್ಟೋ ನೋಡಲು ಅವರ ವೈದ್ಯರನ್ನು ಕೇಳಿ. ನಡೆಯುವಾಗ ಹಿಡಿದು ನಿಂತಾಗ ಬಿಡುವ ನೋವಾದರೆ ಅದು ಕಾಲಿನ ರಕ್ತನಾಳವೇ ಕಿರಿದಾಗಿರುವ ಸೂಚನೆಯೂ ಆಗಿರಬಹುದು. ಆಗ ಮಾತ್ರೆಯ ಅಗತ್ಯ ಇನ್ನೂ ಹೆಚ್ಚು. ಸ್ನಾಯುಗಳಲ್ಲಿ ತಾಳಲಾರದ ನೋವು ಬಂದು ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ಬಹಳ ಅಪರೂಪ.

ಬೆಳ್ಳುಳ್ಳಿಯನ್ನು ಅಡುಗೆಯಲ್ಲಿ ಧಾರಾಳವಾಗಿ ಹಾಕಿ. ಸ್ಟ್ಯಾಟಿನ್ ಮಾಡುವ ಕೆಲಸ ಅದರಿಂದ ಆಗದು. ಅಮ್ಮ ಸ್ಟ್ಯಾಟಿನ್ ಜೊತೆಗೆ ಆಸ್ಪಿರಿನ್ ಮೊದಲಾದ ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ ಬಿಟ್ಟಿದ್ದಾರೆಯೇ ಎಂದು ಇವತ್ತೇ ಪೆಟ್ಟಿಗೆ ತೆಗೆದು ನೋಡಿ. ಬಿಟ್ಟಿದ್ದರೆ ನಾಳೆಗೆ ಮುಂದೂಡದೆ ವೈದ್ಯರಿಗೆ ಫೋನ್ ಮಾಡಿ, ಏಕೆಂದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಯಾರನ್ನೂ ಕಾಯುವುದಿಲ್ಲ.

ಪ್ರಶ್ನೆ: ಎಣ್ಣೆ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿದ್ದರೆ ಅದನ್ನು ಎಷ್ಟಾದರೂ ಬಳಸಬಹುದೇ? ಮೊಟ್ಟೆ ತಿನ್ನಬಹುದೇ? (ಕುಣಿಗಲ್ಲಿನ ಗೃಹಿಣಿ)

ಉತ್ತರ: ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಗಣನೆಗೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲವಾದ್ದರಿಂದ ಆ ಬರಹಕ್ಕೆ ವಿಶೇಷ ಅರ್ಥವಿಲ್ಲ. ಪಾಮ್ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇಲ್ಲ, ಆದರೆ ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಪ್ಯಾಕೆಟ್ಟಿನ ಹಿಂಬದಿಯ ಪಟ್ಟಿಯಲ್ಲಿ ಸ್ಯಾಚುರೇಟೆಡ್ ಮತ್ತು ಟ್ರಾನ್ಸ್ ಕೊಬ್ಬಿನ ಅಂಕಿ ನೋಡಿ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಂಬ ಲೆಕ್ಕದಲ್ಲಿ ನಾಲ್ವರ ಮನೆಗೆ ಎರಡು ಲೀಟರ್ ಸಾಕು. ಬೋಂಡ, ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಮೊಟ್ಟೆಯ ಕೊಲೆಸ್ಟ್ರಾಲ್ ಇರುವುದು ಹಳದಿಯಲ್ಲಿ, ಸುಮಾರು 190 ಮಿ.ಗ್ರಾಂ. ಆದರೆ ರಕ್ತದ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ದೇಹವೇ ತಯಾರಿಸಿದ್ದು. ಆರೋಗ್ಯವಂತರು ದಿನಕ್ಕೊಂದು ಮೊಟ್ಟೆ ತಿನ್ನಬಹುದು. ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇದ್ದವರು ಹಳದಿಯ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಲಿ.

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನವನು, 31 ವರ್ಷ, ತೂಕ 58 ಕೆ.ಜಿ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಒಟ್ಟು ಕೊಲೆಸ್ಟ್ರಾಲ್ 292, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 150, ಎಲ್‌ಡಿಎಲ್ 218 ಬಂದಿದೆ. ಇಷ್ಟು ಸಣಕಲಾಗಿರುವ ನನಗೆ ಇದು ಹೇಗೆ ಸಾಧ್ಯ? ಪರೀಕ್ಷೆ ತಪ್ಪಿರಬಹುದೇ? ನಮ್ಮ ತಂದೆ 42ನೇ ವಯಸ್ಸಿನಲ್ಲಿ ಹೊಲದಲ್ಲೇ ಎದೆನೋವು ಬಂದು ತೀರಿಕೊಂಡರು, ಚಿಕ್ಕಪ್ಪನಿಗೆ 47ಕ್ಕೆ ಬೈಪಾಸ್ ಆಯಿತು. ಕಡಲೆಕಾಯಿ ಮೂಟೆ ಹೊತ್ತು ನಡೆಯುವಾಗ ಎದೆ ಹಿಡಿದಂತಾಗಿ, ನಿಂತರೆ ಸರಿಹೋಗುತ್ತದೆ. ಗ್ಯಾಸ್ ಇರಬಹುದೆಂದು ಸುಮ್ಮನಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿದ ದಿನವೇ ಸಂಪಾದಕರ ಮೂಲಕ ನಿಮಗೆ ಫೋನ್ ಮಾಡಿಸಿ, ಮೂಟೆ ಹೊರುವುದನ್ನು ನಿಲ್ಲಿಸಿ ಕೂಡಲೇ ಇಸಿಜಿ ಮಾಡಿಸಿಕೊಳ್ಳಲು ತಿಳಿಸಿದ್ದೇನೆ. ನಿಮ್ಮಂತೆಯೇ ಇರುವ ಇತರರಿಗಾಗಿ ಅದನ್ನು ಇಲ್ಲಿಯೂ ಬರೆಯುತ್ತೇನೆ. ಶ್ರಮಪಟ್ಟಾಗ ಎದೆ ಹಿಡಿದು ನಿಂತಾಗ ಬಿಟ್ಟರೆ ಅದು ಗ್ಯಾಸಿನ ಲಕ್ಷಣವಲ್ಲ. ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಿದ್ದಾಗ ಹಾಗಾಗುತ್ತದೆ. ಸುಮ್ಮನಿದ್ದಾಗ ತೆಗೆದ ಇಸಿಜಿ ಸರಿಯಿದೆಯೆಂದು ಮನೆಗೆ ಹಿಂದಿರುಗಬೇಡಿ, ಹೃದ್ರೋಗ ತಜ್ಞರನ್ನು ಕಂಡು ಮುಂದಿನ ಪರೀಕ್ಷೆಗಳನ್ನು ಮಾಡಿಸಿ.

ಎದೆಯ ಬಿಗಿತ ವಿಶ್ರಾಂತಿಯಲ್ಲೂ ಬಂದು, ಹದಿನೈದು–ಇಪ್ಪತ್ತು ನಿಮಿಷವಾದರೂ ಬಿಡದೆ, ಬೆವರು, ಉಬ್ಬಸ, ಎಡತೋಳಿಗೋ ದವಡೆಗೋ ಹರಡುವ ನೋವು ಕಾಣಿಸಿದರೆ 108ಕ್ಕೆ ಕರೆ ಮಾಡಬೇಕು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿ.ಮೀ. ದಾರಿ, ನೇರವಾಗಿ ದೊಡ್ಡ ಊರಿಗೇ ಹೋಗೋಣವೆಂದು ಆ ದಾರಿ ಹಿಡಿಯುವುದಕ್ಕಿಂತ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆ ಚುಚ್ಚುಮದ್ದಿನ ಫಲ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ.

ನಿಮ್ಮ ಪರೀಕ್ಷೆ ತಪ್ಪಿದೆಯೆಂದು ನನಗೆ ಅನ್ನಿಸುವುದಿಲ್ಲ. ಖಚಿತತೆಗಾಗಿ ಇನ್ನೊಮ್ಮೆ ಮಾಡಿಸಿ, ಜೊತೆಗೆ ಥೈರಾಯ್ಡ್, ಮೂತ್ರದ ಪ್ರೋಟೀನು ನೋಡಿಸಿ. ಅವು ಸರಿಯಿದ್ದು ಎಲ್‌ಡಿಎಲ್ 190 ದಾಟಿಯೇ ಇದ್ದರೆ, ತಂದೆ–ಚಿಕ್ಕಪ್ಪಂದಿರ ಕಥೆಯನ್ನೂ ಸೇರಿಸಿ ನೋಡಿದಾಗ, ಇದು ವಂಶವಾಹಿಯ ಮೂಲಕ ಬಂದ ಕೊಲೆಸ್ಟ್ರಾಲ್ ತೊಂದರೆಯೆಂದು ಬಲವಾಗಿ ಶಂಕಿಸಬೇಕಾಗುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ರಕ್ತದಿಂದ ಎಲ್‌ಡಿಎಲ್ ಹಿಡಿದೆಳೆದುಕೊಳ್ಳುವ ಗ್ರಾಹಕಗಳು ಲಿವರ್ ಜೀವಕೋಶಗಳ ಮೇಲಿರುತ್ತವೆ. ಈ ತೊಂದರೆಯವರಲ್ಲಿ ಅವು ಹುಟ್ಟಿನಿಂದಲೇ ಸಾಲದಾಗಿರುತ್ತವೆ. ಆ ಗ್ರಾಹಕವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂದಿತು. ಸಣಕಲು ದೇಹಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ. ಎಷ್ಟು ಪಥ್ಯ ಮಾಡಿದರೂ 218 ತಕ್ಕ ಮಟ್ಟಕ್ಕೆ ಇಳಿಯುವುದಿಲ್ಲವಾದ್ದರಿಂದ ನಿಮಗೆ ಮಾತ್ರೆ ಬೇಕೇ ಬೇಕು, ಅದೂ ಜೀವನಪರ್ಯಂತ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪಗಾಗಿದೆಯೇ, ರೆಪ್ಪೆಯ ಮೇಲೆ ಹಳದಿ ಕಲೆಗಳಿವೆಯೇ ಎಂದು ವೈದ್ಯರಿಗೆ ತೋರಿಸಿ. ಲೈಪೊಪ್ರೋಟೀನ್–ಎ ಎಂಬ ಇನ್ನೊಂದು ಪರೀಕ್ಷೆಯನ್ನೂ ಜೀವನದಲ್ಲಿ ಒಮ್ಮೆ ಮಾಡಿಸಿ. ಅದೂ ವಂಶದಿಂದ ಬರುವಂಥದ್ದು, ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು.

ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ, ಚಿಕ್ಕಪ್ಪನಿಗೆ ಮಕ್ಕಳಿದ್ದರೆ, ಅವರೆಲ್ಲರೂ ಈ ತಿಂಗಳಲ್ಲೇ ಲಿಪಿಡ್ ಪ್ರೊಫೈಲ್ ಮಾಡಿಸಲಿ. ನಿಮಗೆ ಮಕ್ಕಳಿದ್ದರೆ ಅವರನ್ನೂ ಬಿಡಬೇಡಿ. ಈ ತೊಂದರೆಯಿರುವ ಮಕ್ಕಳಿಗೆ ಎಂಟು–ಹತ್ತು ವರ್ಷದಿಂದಲೇ ತಜ್ಞರು ಚಿಕಿತ್ಸೆ ಆರಂಭಿಸುತ್ತಾರೆ. ಅಕ್ಕತಂಗಿಯರಲ್ಲಿ ಯಾರಿಗಾದರೂ ಸ್ಟ್ಯಾಟಿನ್ ಬೇಕಾಗಿ ಬಂದು, ಅವರು ಮಗುವಿನ ನಿರೀಕ್ಷೆಯಲ್ಲಿದ್ದರೆ ವೈದ್ಯರಿಗೆ ಮೊದಲೇ ತಿಳಿಸಲಿ, ಬಸಿರಿನಲ್ಲಿ ಸಾಮಾನ್ಯವಾಗಿ ಆ ಮಾತ್ರೆಯನ್ನು ನಿಲ್ಲಿಸಬೇಕಾಗುತ್ತದೆ. ಹೃದ್ರೋಗ ತಜ್ಞರನ್ನು ಕಾಣುವಾಗ ಚಿಕ್ಕಪ್ಪನ ಬೈಪಾಸ್ ಕಾಗದಗಳನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.